ಚೌಕಳಿ ಬಟ್ಟೆಯ ನಾಡು

ಮಗಳ ಬಾಣಂತನಕ್ಕೆಂದು ನಾನು ಎಡಿನ್‌ಬರೋ ಊರಿಗೆ ಹೋದದ್ದು 2014ರ ಜೂನ್ ತಿಂಗಳಲ್ಲಿ. ಧಾರವಾಡದಿಂದ ಹೊರಡುವಾಗ ನನ್ನ ಪೆಟ್ಟಿಗೆಯಲ್ಲಿ ಅಂಟಿನ ಉಂಡಿ, ಅಳವಿ, ಶೇಂಗಾ ಹಿಂಡಿ, ಮತ್ತೆ ಹುಟ್ಟಲಿರುವ ಕೂಸಿಗೆಂದು ಹಳೆಯ ಇಳಕಲ್ ಸೀರೆಗಳಿಂದ ಹೊಲಿಸಿದ ಒಂದು ಕೌದಿ ಇದ್ದವು. ತಲೆಯಲ್ಲಿ ಮಾತ್ರ ಆ ದೇಶದ ಬಗ್ಗೆ ಹೆಚ್ಚಿಗೆ ಏನೂ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಆದರೂ ಬ್ರಿಟಿಷರು ಎಂದರೂ ಒಂದೇ, ಇಂಗ್ಲಿಷರು ಎಂದರೂ ಒಂದೇ ಎಂದು ತಿಳಿದು ಮೂವತ್ತು ವರ್ಷ ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದೆ.

ಮೊದಲ ವಾರದಲ್ಲೇ ಆ ತಪ್ಪು ತಿದ್ದಿದವರು ಪಕ್ಕದ ಮನೆಯ ಮುದುಕಿ. ಎಂಬತ್ತು ದಾಟಿದ ಜೀವ. ತಾವೇ ಹೆಣೆದ ಉಣ್ಣೆಯ ಕಾಲುಚೀಲ ತಂದು ಕೂಸಿನ ಕೈಗಿಟ್ಟರು. ನಾನು ಸಂತೋಷದಿಂದ, ನೀವು ಇಂಗ್ಲಿಷ್ ಜನ ಎಷ್ಟು ಒಳ್ಳೆಯವರು ಎಂದುಬಿಟ್ಟೆ. ಅವರು ನಕ್ಕರು, ಆದರೆ ಬಿಡಲಿಲ್ಲ. ನನ್ನ ಕೈ ಹಿಡಿದುಕೊಂಡು, ನಾನು ಇಂಗ್ಲಿಷ್ ಅಲ್ಲ, ಸ್ಕಾಟಿಷ್ ಎಂದು ನಿಧಾನವಾಗಿ, ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡುವವರ ಹಾಗೆ ಹೇಳಿದರು. ಮಗಳು ಒಳಗಿನಿಂದ, “ಅವ್ವಾ, ಯಾರರೆ ನಿನ್ನ ಮರಾಠಿಯಾಕಿ ಅಂದ್ರ ಸುಮ್ನ ಇರ್ತೀಯೇನು?” ಎಂದಳು. ಅಷ್ಟು ಸಾಕಾಯಿತು ನನಗೆ. ನಮ್ಮಪ್ಪ ಮುಂಬಯಿ ಪ್ರಾಂತದಲ್ಲಿ ಕನ್ನಡಿಗನಾಗಿ ಹುಟ್ಟಿದವರು. 1953ರಲ್ಲಿ ಹುಬ್ಬಳ್ಳಿಯಲ್ಲಿ ಏಕೀಕರಣಕ್ಕಾಗಿ ಜನ ಬೀದಿಗಿಳಿದಾಗ ಆ ಗುಂಪಿನಲ್ಲಿದ್ದವರು.

ಆ ಬೇಸಿಗೆಯಲ್ಲಿ ಊರ ತುಂಬ ಒಂದೇ ಮಾತು. ಕಿಟಕಿ ಕಿಟಕಿಗೂ ಚೀಟಿ. ಕೆಲವು ಮನೆಗಳಲ್ಲಿ ಹೌದು ಎಂದು, ಕೆಲವು ಮನೆಗಳಲ್ಲಿ ಬೇಡ, ಉಪಕಾರ ಎಂದು. ಸೆಪ್ಟೆಂಬರ್ 18ಕ್ಕೆ ಜನಮತ ನಡೆಯುವುದಿತ್ತು. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ ಎಂಬುದೊಂದೇ ಪ್ರಶ್ನೆ. ಒಂದು ರಾತ್ರಿ ಕೂಸಿಗೆ ಎಣ್ಣೆ ಹಚ್ಚುತ್ತ ಕುಳಿತಿದ್ದೆ. ಮಗಳು, “ಈ ಸಲ ನಾನೂ ಓಟು ಹಾಕಾಕಿ ಇದ್ದೀನಿ” ಎಂದಳು.

“ನಿನಗೆಲ್ಲಿ ಓಟು? ನಿನ್ನ ಪಾಸ್‌ಪೋರ್ಟು ನಮ್ಮ ದೇಶದ್ದಲ್ಲೇನು?”

“ಕಾಮನ್‌ವೆಲ್ತ್ ದೇಶದವ್ರು ಇಲ್ಲೆ ವಾಸ ಇದ್ರ ಓಟು ಐತಿ. ಹದಿನಾರು ವರ್ಷದ ಹುಡುಗ್ರಿಗೂ ಐತಿ. ಇದು ನನ್ನ ದೇಶದ ಪ್ರಶ್ನೆ ಅವ್ವಾ. ನನ್ನ ಮಗಳು ಬೆಳಿಯೂದು ಇಲ್ಲೆ.”

ನನ್ನ ದೇಶ! ಎಣ್ಣೆಯ ಬಟ್ಟಲು ಕೈಯಲ್ಲೇ ಉಳಿಯಿತು. ಒಂಬತ್ತು ತಿಂಗಳು ಹೊತ್ತು, ಇಪ್ಪತ್ತೈದು ವರ್ಷ ಸಾಕಿದ ಮಗಳು ಇನ್ನೊಂದು ನಾಡನ್ನು ನನ್ನದು ಎಂದದ್ದು ಎದೆಗೆ ಚುಚ್ಚಿತು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಬಾಣಂತಿಯ ಮುಂದೆ ಜಗಳ ಆಡಬಾರದು. ಆದರೆ ಮರುದಿನದಿಂದ ಅಳಿಯನ ಕಪಾಟಿನಲ್ಲಿದ್ದ ಪುಸ್ತಕಗಳನ್ನು ತೆಗೆದು ಓದತೊಡಗಿದೆ. ನನ್ನ ಮಗಳನ್ನು ಒಲಿಸಿಕೊಂಡ ಈ ನಾಡು ಯಾವುದು, ಇದಕ್ಕೆ ಬೇಕಾದದ್ದಾದರೂ ಏನು ಎಂದು ತಿಳಿಯಬೇಕಾಗಿತ್ತು.

ಓದುತ್ತ ಹೋದಂತೆ ಇದು ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಕತೆಯೇ ಎನ್ನಿಸಿತು. ಕೂಡು ಕುಟುಂಬದ ಕತೆ. 1603ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಮಕ್ಕಳಿಲ್ಲದೆ ತೀರಿಕೊಂಡಾಗ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್ ಆ ಗಾದಿಯನ್ನೂ ಏರಿದ. ದೊರೆ ಒಬ್ಬನೇ, ಮನೆ ಎರಡು. ನೂರು ವರ್ಷ ಹಾಗೇ ನಡೆಯಿತು. ಆಮೇಲೆ ಸ್ಕಾಟ್ಲೆಂಡಿಗೆ ತಾನೂ ಸಮುದ್ರದಾಚೆ ವ್ಯಾಪಾರ ಮಾಡಬೇಕೆಂಬ ಆಸೆ ಹುಟ್ಟಿತು. ಪನಾಮಾದ ಡೇರಿಯನ್ ಎಂಬಲ್ಲಿ ವಸಾಹತು ಕಟ್ಟಲು ಕಂಪನಿ ಮಾಡಿದರು. ಸರದಾರರಿಂದ ಹಿಡಿದು ಪೇಟೆಯ ವ್ಯಾಪಾರಿಗಳವರೆಗೆ, ವಿಧವೆಯರು ಕೂಡ, ಕೂಡಿಟ್ಟ ಹಣ ತಂದು ಹಾಕಿದರು. 1698ರಲ್ಲಿ ಹಡಗು ಹೋದವು. ಜ್ವರ, ಹಸಿವು, ಇಂಗ್ಲಿಷರ ಅಸಹಕಾರ, ಸ್ಪೇನಿನವರ ಮುತ್ತಿಗೆ ಎಲ್ಲ ಕೂಡಿ ಎರಡು ವರ್ಷದಲ್ಲಿ ಎಲ್ಲ ಮುಗಿಯಿತು. ಹೋದವರಲ್ಲಿ ಹೆಚ್ಚಿನವರು ತಿರುಗಿ ಬರಲಿಲ್ಲ. ನಾಡಿನ ಉಳಿತಾಯದ ದೊಡ್ಡ ಪಾಲು ನೀರುಪಾಲಾಯಿತು.

ಸಾಲದಲ್ಲಿ ಬಿದ್ದ ಮನೆಗೆ ಸಂಬಂಧ ಕೇಳಿಕೊಂಡು ಬರುವ ಶ್ರೀಮಂತರ ಮಾತಿಗೆ ಯಾವಾಗಲೂ ತೂಕ ಹೆಚ್ಚು. 1707ರ ಮೇ 1ರಂದು ಎರಡು ಸಂಸತ್ತುಗಳು ಒಂದಾದವು. ಸ್ಕಾಟ್ಲೆಂಡಿಗೆ 3,98,085 ಪೌಂಡ್ ಕೊಟ್ಟರು. ಅದರಲ್ಲಿ ದೊಡ್ಡ ಭಾಗ ಡೇರಿಯನ್ ಕಂಪನಿಯಲ್ಲಿ ಹಣ ಕಳೆದುಕೊಂಡವರಿಗೇ ಹೋಯಿತು. ಬೀದಿಯಲ್ಲಿ ಜನ ಗಲಾಟೆ ಮಾಡಿದರು, ಒಳಗೆ ಕುಳಿತವರು ರುಜು ಹಾಕಿದರು. ಆದರೆ ಹೋಗುವಾಗ ಈ ಸೊಸೆ ತನ್ನ ಟ್ರಂಕಿನ ಕೀಲಿಯನ್ನು ಬಿಟ್ಟುಕೊಡಲಿಲ್ಲ. ತನ್ನ ಚರ್ಚು, ತನ್ನ ಕಾಯಿದೆ, ಕೋರ್ಟು, ತನ್ನ ಶಾಲೆ, ವಿಶ್ವವಿದ್ಯಾಲಯ, ಇವೆಲ್ಲ ಬೇರೆಯೇ ಉಳಿದವು. ಇಂದಿಗೂ ಅಲ್ಲಿಯ ಮೂರು ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. 2016ರಲ್ಲಿ ಬಂದ ಒಂದು ಐದು ಪೌಂಡಿನ ನೋಟಿನ ಮೇಲೆ ರಾಣಿಯಿಲ್ಲ, ನ್ಯಾನ್ ಶೆಫರ್ಡ್ ಎಂಬ ಲೇಖಕಿ ಇದ್ದಾಳೆ. ಮುನ್ನೂರು ವರ್ಷ ಕಳೆದರೂ ಒಂದು ಜನ ತಾವು ಬೇರೆ ಎಂದುಕೊಳ್ಳಲು ಇಂಥ ಕೀಲಿಗಳೇ ಕಾರಣ. ದೊರೆ, ಕಿರೀಟಗಳಿಗಿಂತ ಶಾಲೆ, ಕೋರ್ಟು, ದೇವರ ಮನೆ ಇವೇ ದಿನದ ಬದುಕಿನಲ್ಲಿ ಗುರುತನ್ನು ಉಳಿಸುವುದು.

ಕೂಸಿಗೆ ಎರಡು ತಿಂಗಳಾದಾಗ ಅಳಿಯ ನಮ್ಮನ್ನು ಕಾರಿನಲ್ಲಿ ಉತ್ತರಕ್ಕೆ, ಇನ್ವರ್‌ನೆಸ್ ಕಡೆಗೆ ಕರೆದುಕೊಂಡು ಹೋದರು. ಅಲ್ಲಿ ಕಲೋಡನ್ ಎಂಬ ಬಯಲಿದೆ. ನಮ್ಮ ಕಡೆಯ ಎರೆ ಹೊಲದಷ್ಟೇ ಬಟಾಬಯಲು, ಗಾಳಿ ಮಾತ್ರ ಕೊರೆಯುವ ಚಳಿಯದು. 1746ರ ಏಪ್ರಿಲ್ 16ರಂದು ಹಳೆಯ ರಾಜಮನೆತನದ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನ ಪರವಾಗಿ ನಿಂತ ಬೆಟ್ಟದ ಜನ ಸರಕಾರಿ ದಂಡಿನ ತೋಪಿನ ಬಾಯಿಗೆ ಕತ್ತಿ ಹಿಡಿದು ನುಗ್ಗಿದರು. ಒಂದು ತಾಸಿನೊಳಗೆ ಎಲ್ಲ ಮುಗಿಯಿತು. ಹೂತ ಜಾಗಗಳ ಮೇಲೆ ಮನೆತನಕ್ಕೊಂದು ಕಲ್ಲು ನೆಟ್ಟಿದ್ದಾರೆ. ಆ ಕಾಳಗದಲ್ಲಿ ಸ್ಕಾಟರು ಎರಡೂ ಕಡೆ ಇದ್ದರು ಎಂಬುದನ್ನೂ ಹೇಳಬೇಕು. ಮನೆಯ ಜಗಳವನ್ನು ದೇಶ ದೇಶಗಳ ಯುದ್ಧವೆಂದು ಹೇಳುವುದು ಸುಲಭ, ಆದರೆ ಪೂರಾ ನಿಜವಲ್ಲ.

ಇನ್ವರ್‌ನೆಸ್ ಕೋಟೆಯ ಮುಂದೆ ಫ್ಲೋರಾ ಮ್ಯಾಕ್‌ಡೊನಾಲ್ಡ್ ಎಂಬ ಹೆಂಗಸಿನ ಮೂರ್ತಿಯಿದೆ. ಸೋತು ಓಡಿದ ರಾಜಕುಮಾರನಿಗೆ ಹೆಣ್ಣಾಳಿನ ವೇಷ ತೊಡಿಸಿ, ದೋಣಿಯಲ್ಲಿ ಸ್ಕೈ ದ್ವೀಪಕ್ಕೆ ದಾಟಿಸಿದವಳು. ಆಗ ಅವಳಿಗೆ ಇಪ್ಪತ್ನಾಲ್ಕರ ಆಸುಪಾಸು. ಸಿಕ್ಕಿಬಿದ್ದು ಲಂಡನ್ನಿನ ಸೆರೆ ಕಂಡಳು, 1747ರಲ್ಲಿ ಬಿಡುಗಡೆಯಾದಳು. ರಾಜಕುಮಾರ ಫ್ರಾನ್ಸಿಗೆ ಹೋದವನು ಅವಳನ್ನು ಮತ್ತೆ ನೋಡಲೇ ಇಲ್ಲ. ಅವಳು ಮದುವೆಯಾಗಿ, ಮಕ್ಕಳನ್ನು ಹೆತ್ತು, ಬಡತನಕ್ಕೆ ಅಮೆರಿಕಕ್ಕೆ ಹೋಗಿ, ಅಲ್ಲಿಯ ಯುದ್ಧದಲ್ಲಿ ಎಲ್ಲ ಕಳೆದುಕೊಂಡು, ತಿರುಗಿ ಬಂದು 1790ರಲ್ಲಿ ಸ್ಕೈ ದ್ವೀಪದಲ್ಲೇ ತೀರಿಕೊಂಡಳು. ಹಾಡುಗಳು ದೋಣಿಯ ಆ ಒಂದು ರಾತ್ರಿಯನ್ನಷ್ಟೇ ನೆನಪಿಟ್ಟುಕೊಂಡಿವೆ. ಉಳಿದ ನಲವತ್ತು ಚಿಲ್ಲರೆ ವರ್ಷ ಅವಳೊಬ್ಬಳೇ ಕಳೆದಳು.

ಕಲೋಡನ್ ಆದ ಮೇಲೆ ಸರಕಾರ ಒಂದು ಕಾಯಿದೆ ತಂದಿತು. ಬೆಟ್ಟದ ನಾಡಿನ ಉಡುಪನ್ನು, ಅಂದರೆ ಆ ಚೌಕಳಿ ಉಣ್ಣೆ ಬಟ್ಟೆಯನ್ನು, ಗಂಡಸರು, ಹುಡುಗರು ತೊಡಕೂಡದು. ಮೊದಲ ಸಲ ಸಿಕ್ಕರೆ ಆರು ತಿಂಗಳ ಸೆರೆ, ಎರಡನೆಯ ಸಲ ಏಳು ವರ್ಷ ಗಡೀಪಾರು. ದೊರೆಯ ದಂಡಿನಲ್ಲಿ ಸಿಪಾಯಿಯಾದವನಿಗೆ ಮಾತ್ರ ವಿನಾಯಿತಿ. ಅಪ್ಪನ ಬಟ್ಟೆ ಉಡಬೇಕಾದರೆ ಅಪ್ಪನನ್ನು ಸೋಲಿಸಿದವರ ದಂಡು ಸೇರಬೇಕು! 1782ರಲ್ಲಿ ಆ ಕಾಯಿದೆ ಹೋಯಿತು.

ಈ ಹೈಲ್ಯಾಂಡ್ ಸಿಪಾಯಿಗಳು ಎಲ್ಲಿಗೆ ಹೋದರು? ಓದುತ್ತ ಓದುತ್ತ ನನ್ನ ಮೈ ಜುಮ್ಮೆಂದದ್ದು ಅಲ್ಲಿ. ಅವರು ನಮ್ಮ ಕಡೆಗೇ ಬಂದರು. ಶ್ರೀರಂಗಪಟ್ಟಣದ ಪ್ರವಾಸಕ್ಕೆ ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ಬೇಯ್ಲಿಯ ಸೆರೆಮನೆ ತೋರಿಸಿದ್ದೇನೋ! ಆ ಬೇಯ್ಲಿ ಇನ್ವರ್‌ನೆಸ್ ಹತ್ತಿರದ ಮನೆತನದವನು. 1780ರಲ್ಲಿ ಹೈದರನ ಸೈನ್ಯಕ್ಕೆ ಸೋತು ಸೆರೆಯಾಗಿ, 1782ರಲ್ಲಿ ನಮ್ಮ ನೆಲದಲ್ಲೇ ಸತ್ತ. ಅವನ ಜೊತೆ ಸೆರೆಸಿಕ್ಕ ಡೇವಿಡ್ ಬೇರ್ಡ್ ಹೈಲ್ಯಾಂಡ್ ದಂಡಿನ ಕ್ಯಾಪ್ಟನ್. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಬಿಗಿದಿದ್ದಾರೆಂದು ಸುದ್ದಿ ಮುಟ್ಟಿದಾಗ ಅವನ ತಾಯಿ, ಪಾಪ, ನನ್ನ ಮಗನ ಜೊತೆ ಕಟ್ಟಿಸಿಕೊಂಡವನ ಗತಿಯೇನು ಎಂದಳಂತೆ. ಮಗನ ಹಟ ತಾಯಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿದ್ದೀತು! 1799ರ ಮೇ 4ರಂದು ಪಟ್ಟಣದ ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಅದೇ ಬೇರ್ಡ್. ಟಿಪ್ಪುವಿನ ದೇಹ ಸಿಕ್ಕ ಗಳಿಗೆಯನ್ನು ಡೇವಿಡ್ ವಿಲ್ಕಿ ಎಂಬ ಸ್ಕಾಟಿಷ್ ಕಲಾವಿದ ದೊಡ್ಡ ಚಿತ್ರವಾಗಿ ಬರೆದಿದ್ದಾನೆ. ಬರೆಸಿದವಳು ಬೇರ್ಡನ ವಿಧವೆ. ಅದರಲ್ಲಿ ಬೇರ್ಡನ ಕಾಲ ಕೆಳಗೆ ಅವನಿದ್ದ ಸೆರೆಮನೆಯ ಕಬ್ಬಿಣದ ಜಾಲರಿ ಕಾಣುತ್ತದೆ.

ಇನ್ನೂ ಹತ್ತಿರದ ನಂಟು ನಮ್ಮ ಧಾರವಾಡದ್ದು. 1824ರಲ್ಲಿ ಕಿತ್ತೂರಿನ ಚೆನ್ನಮ್ಮನ ಜನ ಸೆರೆಹಿಡಿದು ಆಮೇಲೆ ಬಿಟ್ಟ ಇಬ್ಬರು ಸಾಹೇಬರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಎಡಿನ್‌ಬರೋದಲ್ಲಿ ಹುಟ್ಟಿದವನು. ಸೆರೆಯ ಸಿಟ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಅವನು ಮುಂದೆ ನಮ್ಮ ಭಾಗದಲ್ಲಿ ಊರೂರು ತಿರುಗಿ ಸುಮಾರು ಆರುನೂರು ಶಾಸನಗಳನ್ನು ನಕಲು ಮಾಡಿಸಿದ. ಕನ್ನಡ ಶಾಲೆಗಾಗಿ ದುಡಿದ. ಹಳೇ ಮೈಸೂರಿನಲ್ಲಿ ಇಂಥದೇ ಕೆಲಸ ಮಾಡಿದ ಕಾಲಿನ್ ಮೆಕೆಂಜಿ ಗೇಲಿಕ್ ನುಡಿಯ ಲೂಯಿಸ್ ದ್ವೀಪದವನು. ಬಳ್ಳಾರಿ ಸೀಮೆಯ ಕಂದಾಯ ಕಟ್ಟಿದ ಥಾಮಸ್ ಮನ್ರೋ ಗ್ಲಾಸ್ಗೋದವನು. ಇವರನ್ನೆಲ್ಲ ನಾನು ಇಂಗ್ಲಿಷರೆಂದೇ ಪಾಠ ಮಾಡಿದ್ದೆ. ಹಾಗೆಂದು ಸ್ಕಾಟರು ಬರೀ ಅನ್ಯಾಯಕ್ಕೊಳಗಾದವರು ಎನ್ನುವಂತಿಲ್ಲ. 1707ರ ಸಂಬಂಧದಿಂದ ಸಾಮ್ರಾಜ್ಯದ ಬಾಗಿಲು ಅವರಿಗೆ ತೆರೆಯಿತು. ನಮ್ಮ ಮೇಲೆ ಆಳ್ವಿಕೆ ಮಾಡಿದರು, ಜಮೈಕಾದಲ್ಲಿ ಗುಲಾಮರನ್ನಿಟ್ಟು ಸಕ್ಕರೆ ಬೆಳೆದರು. ಗ್ಲಾಸ್ಗೋದಲ್ಲಿ ಇಂದಿಗೂ ಜಮೈಕಾ ಬೀದಿಯೆಂದೇ ಒಂದು ಬೀದಿಯಿದೆ. ಅತ್ತೆಯ ಕಾಟ ತಿಂದ ಸೊಸೆಯೇ ಮುಂದೆ ಕಾಟ ಕೊಡುವ ಅತ್ತೆಯಾಗುವುದು ಹೊಸತೇನಲ್ಲ.

ಮನೆಯಲ್ಲಿ ಉಳಿದವರ ಪಾಡು ಬೇರೆ. ಬೆಟ್ಟದ ಒಡೆಯರಿಗೆ ಒಕ್ಕಲಿಗಿಂತ ಕುರಿ ಲಾಭವೆನಿಸಿತು. ಸದರ್ಲೆಂಡ್ ಸೀಮೆಯಲ್ಲಿ 1814ರಲ್ಲಿ, 1819ರಲ್ಲಿ ಸ್ಟ್ರ್ಯಾತ್‌ನೇವರ್ ಕಣಿವೆಯ ಜನರನ್ನು ಎಬ್ಬಿಸಿದರು. ಮತ್ತೆ ಬಂದು ಸೇರದ ಹಾಗೆ ಮನೆಗಳ ಮಾಡಿಗೆ ಬೆಂಕಿಯಿಟ್ಟರು. ಅಲ್ಲಿಯ ಒಡತಿ ಕೌಂಟೆಸ್ ಎಲಿಜಬೆತ್ ಸಹ ಹೆಣ್ಣೇ ಎಂಬುದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಹಡಗು ಹಡಗು ಜನ ಕೆನಡಾಕ್ಕೆ ಹೋದರು. ಎದುರು ನಿಂತವರಲ್ಲಿ ಮುಂದಿನ ಸಾಲು ಹೆಂಗಸರದು. 1854ರಲ್ಲಿ ಗ್ರೀನ್‌ಯಾರ್ಡ್ಸ್ ಎಂಬಲ್ಲಿ ಪೋಲೀಸರು ಲಾಠಿಯಿಂದ ಹೆಂಗಸರ ತಲೆ ಒಡೆದರು. 1882ರಲ್ಲಿ ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ ಗ್ಲಾಸ್ಗೋದಿಂದ ಬಂದ ಪೋಲೀಸರ ಮೇಲೆ ಹೆಂಗಸರು ಕಲ್ಲು ತೂರಿದರು. ಅದರ ಫಲವಾಗಿ ವಿಚಾರಣಾ ಆಯೋಗ ಬಂತು, 1886ರ ಕಾಯಿದೆಯಿಂದ ಸಣ್ಣ ಒಕ್ಕಲಿಗೆ ಮನೆ ಹೊಲ ಬಿಡಿಸಲಾಗದ ಹಕ್ಕು ಸಿಕ್ಕಿತು.

ವಿಚಿತ್ರವೆಂದರೆ ಒಕ್ಕಲೆಬ್ಬಿಸುವ ಆ ದಿನಗಳಲ್ಲೇ ಅವರ ಬಟ್ಟೆಗೆ ಪಟ್ಟ ಕಟ್ಟಿದರು. ಕಾದಂಬರಿಕಾರ ವಾಲ್ಟರ್ ಸ್ಕಾಟ್ 1818ರಲ್ಲಿ ಎಡಿನ್‌ಬರೋ ಕೋಟೆಯಲ್ಲಿ 1707ರಿಂದ ಬೀಗ ಹಾಕಿದ್ದ ಪೆಟ್ಟಿಗೆ ತೆಗೆಸಿ ಹಳೆಯ ಕಿರೀಟವನ್ನು ಹೊರತೆಗೆದ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಬಂದಾಗ ಅವನಿಗೂ ಚೌಕಳಿ ಬಟ್ಟೆಯ ಕಿಲ್ಟ್ ಉಡಿಸಿ ಮೆರೆಸಿದರು. ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಮನೆತನದ ಮಗ್ಗಗಳಿಗೆ ಬಿಡುವೇ ಇಲ್ಲ. ಬರೀ ನಂಬರಿನಿಂದ ಗುರುತಿಸುತ್ತಿದ್ದ ನೇಯ್ಗೆಗಳಿಗೂ ಒಂದೊಂದು ಮನೆತನದ ಹೆಸರು ಬಿತ್ತು. ನಮ್ಮ ಇಳಕಲ್ ಸೀರೆಯ ಚೌಕಳಿ, ಟೋಪ ತೆನಿ ಸೆರಗುಗಳ ಹಾಗೆ ಅದೂ ನೇಕಾರರ ಕೈಯ ಕೆಲಸವೇ. ಆದರೆ ಹಾಡಿನಲ್ಲಿ, ಬಿಸ್ಕೀಟಿನ ಡಬ್ಬಿಯ ಮೇಲೆ ಮಿಂಚುವ ಸ್ಕಾಟ್ಲೆಂಡಿನ ಮೋರೆ ಬಹುಮಟ್ಟಿಗೆ ಆಗ ಸಿಂಗರಿಸಿದ್ದು. ಸಿಂಗಾರ ಹೊಸತೆಂದು ಅದನ್ನು ಪ್ರೀತಿಸುವವರ ಪ್ರೀತಿ ಸುಳ್ಳಾಗುವುದಿಲ್ಲ. ಆದರೆ ಸುಟ್ಟ ಮನೆಗಳನ್ನು ಮರೆತು ಸಿಂಗಾರವನ್ನಷ್ಟೇ ನೋಡಬಾರದು.

ಕಾರ್ಖಾನೆಯ ಕಾಲದ ಕತೆಯನ್ನು ನಮ್ಮ ಓದುಗರು ಇನ್ನೂ ಮೆಚ್ಚಿಯಾರು. ಡಂಡಿ ಎಂಬ ಊರು ಬಂಗಾಳದ ಸೆಣಬಿನಿಂದ ಬದುಕಿತ್ತು. ಮಿಲ್ಲುಗಳಲ್ಲಿ ಕಡಿಮೆ ಕೂಲಿಗೆ ಸಿಗುವ ಹೆಂಗಸರದೇ ದುಡಿಮೆ. ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಗಂಡಂದಿರನ್ನು ಚಹದ ಕಿಟ್ಲಿ ಕಾಸುವವರು ಎಂದು ನಗಾಡುತ್ತಿದ್ದರು. ಗ್ಲಾಸ್ಗೋದಲ್ಲಿ 1915ರಲ್ಲಿ, ಗಂಡಸರು ಯುದ್ಧಕ್ಕೆ ಹೋದ ಸಮಯ ನೋಡಿ ಮಾಲೀಕರು ಬಾಡಿಗೆ ಏರಿಸಿದರು. ಗೋವನ್ ಬಡಾವಣೆಯ ಗೃಹಿಣಿ ಮೇರಿ ಬಾರ್ಬರ್ ಹೆಂಗಸರನ್ನು ಕೂಡಿಸಿದಳು. ಬಾಡಿಗೆ ವಸೂಲಿಗೆ, ಮನೆ ಖಾಲಿ ಮಾಡಿಸಲಿಕ್ಕೆ ಜನ ಬಂದರೆ ಗಂಟೆ ಬಾರಿಸಬೇಕು, ಎಲ್ಲರೂ ಕೈಯ ಕೆಲಸ ಬಿಟ್ಟು ಬಂದು ಹಿಟ್ಟು ಎರಚಬೇಕು. ನವೆಂಬರ್ ಹೊತ್ತಿಗೆ ಸುಮಾರು ಇಪ್ಪತ್ತು ಸಾವಿರ ಮನೆಯವರು ಬಾಡಿಗೆ ನಿಲ್ಲಿಸಿದ್ದರು. ಆ ವರ್ಷವೇ ಸರಕಾರ ಬಾಡಿಗೆ ಏರಿಸದಂತೆ ಕಾಯಿದೆ ಮಾಡಿತು. 2018ರಲ್ಲಿ ಗೋವನ್‌ನಲ್ಲಿ ಅವಳ ಪ್ರತಿಮೆ ನಿಲ್ಲಿಸಿದರು.

ಬೇರೆ ಒಲೆಯ ಮಾತು ಇಪ್ಪತ್ತನೆಯ ಶತಮಾನದ್ದು. 1934ರಲ್ಲಿ ಸ್ಕಾಟಿಷ್ ರಾಷ್ಟ್ರೀಯ ಪಕ್ಷ ಹುಟ್ಟಿತು. 1950ರ ಕ್ರಿಸ್‌ಮಸ್ ದಿನ ನಾಲ್ವರು ತರುಣ ತರುಣಿಯರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಬಿಯಿಂದ ಪಟ್ಟಾಭಿಷೇಕದ ಕಲ್ಲನ್ನೇ ಹೊತ್ತು ತಂದರು. 1296ರಲ್ಲಿ ಇಂಗ್ಲೆಂಡಿನ ದೊರೆ ಒಯ್ದಿದ್ದ ಕಲ್ಲು ಅದು. ಆ ನಾಲ್ವರಲ್ಲಿ ಕೇ ಮ್ಯಾಥೆಸನ್ ಎಂಬ ಶಿಕ್ಷಕಿಯೂ ಇದ್ದಳು ಎಂದು ಓದಿ, ನಾನೂ ಶಿಕ್ಷಕಿಯಾದ್ದರಿಂದ, ಹಿಗ್ಗಿದೆ. ಕೆಲವು ತಿಂಗಳಲ್ಲಿ ಕಲ್ಲು ಲಂಡನ್ನಿಗೆ ವಾಪಸು ಹೋಯಿತಾದರೂ 1996ರಲ್ಲಿ ಸರಕಾರವೇ ಅದನ್ನು ಸ್ಕಾಟ್ಲೆಂಡಿಗೆ ಕಳಿಸಿತು. 1979ರ ಜನಮತದಲ್ಲಿ ಹೆಚ್ಚು ಓಟು ಪ್ರಾಂತೀಯ ಸಭೆಯ ಪರ ಬಿದ್ದರೂ, ಒಟ್ಟು ಮತದಾರರಲ್ಲಿ ನೂರಕ್ಕೆ ನಲವತ್ತು ಜನ ಒಪ್ಪಲಿಲ್ಲವೆಂದು ತಳ್ಳಿಹಾಕಿದರು. 1997ರಲ್ಲಿ ನೂರಕ್ಕೆ ಎಪ್ಪತ್ನಾಲ್ಕು ಓಟು ಬಿತ್ತು. 1999ರ ಮೇ 12ರಂದು ಹೊಸ ಸಂಸತ್ತು ಸೇರಿದಾಗ ಎಲ್ಲರಿಗಿಂತ ಹಿರಿಯ ಸದಸ್ಯೆ ವಿನ್ನಿ ಯೂಯಿಂಗ್ ಎದ್ದು, 1707ರ ಮಾರ್ಚ್ 25ರಂದು ಮುಂದೂಡಿದ ಸಂಸತ್ತು ಈಗ ಮತ್ತೆ ಸೇರಿದೆ ಎಂದರು. ಮುನ್ನೂರು ವರ್ಷವನ್ನು ನಡುವಿನ ಒಂದು ಬಿಡುವು ಎಂದು ಎಣಿಸಿದ ಆ ಹೆಣ್ಣಿನ ಗಟ್ಟಿತನಕ್ಕೆ ಏನೆನ್ನಬೇಕು!

ಇಷ್ಟೆಲ್ಲ ಓದಿ ಒಂದು ಸಂಜೆ ಪಕ್ಕದ ಮನೆಯವರ ಹತ್ತಿರ ಚಹ ಕುಡಿಯುತ್ತ, ನಿಮಗೆ ಗೇಲಿಕ್ ಬರುತ್ತದೆಯೆ ಎಂದು ಕೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು. ಅವರ ಅಜ್ಜಿ ಪಶ್ಚಿಮದ ದ್ವೀಪದವಳು. ಶಾಲೆಯಲ್ಲಿ ಗೇಲಿಕ್ ಆಡಿದ್ದಕ್ಕೆ ಪೆಟ್ಟು ತಿಂದವಳು. 1872ರ ಶಿಕ್ಷಣ ಕಾಯಿದೆಯಲ್ಲಿ ಆ ನುಡಿಗೆ ಜಾಗವೇ ಇರಲಿಲ್ಲ. ಆ ಅಜ್ಜಿ ತನ್ನ ಮಕ್ಕಳಿಗೆ ಪೆಟ್ಟು ಬೀಳಬಾರದೆಂದು ಇಂಗ್ಲಿಷನ್ನಷ್ಟೇ ಕಲಿಸಿದಳು. ಅವಳು ತನ್ನ ಗಂಡನ ಹತ್ತಿರ, ದೇವರ ಹತ್ತಿರ ಮಾತ್ರ ಗೇಲಿಕ್ ಆಡುತ್ತಿದ್ದಳಂತೆ. ನನಗೆ ಬರುವುದಿಲ್ಲ, ನನ್ನ ಅಜ್ಜಿ ಪ್ರಾರ್ಥನೆಯಲ್ಲಿ ಏನು ಕೇಳಿಕೊಂಡಳೆಂದು ನನಗೆ ಇಂದಿಗೂ ಗೊತ್ತಿಲ್ಲ ಎಂದರು. 2011ರ ಜನಗಣತಿಯಲ್ಲಿ ಗೇಲಿಕ್ ಆಡುವವರು 57 ಸಾವಿರ ಚಿಲ್ಲರೆ ಮಾತ್ರ. ಐವತ್ತಮೂರು ಲಕ್ಷ ಜನರ ನಾಡಿನಲ್ಲಿ!

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಗಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದವಳು ನಾನು. ಅಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ತಿಂಗಳ ಕೊನೆಗೆ ಅವಳು ಅಳುತ್ತ ಕೇಳಿದಾಗ ನಾನು ಶಾಲೆಗೆ ಹೋಗಿ ಜಗಳ ಆಡಲಿಲ್ಲ. ಡಬ್ಬಿಯಿಂದ ಚಿಲ್ಲರೆ ತೆಗೆದು ಕೊಟ್ಟು, “ಇನ್ನ ಮ್ಯಾಲೆ ಅಲ್ಲಿ ಕನ್ನಡ ಆಡಬ್ಯಾಡ” ಎಂದು ತಲೆ ಬಾಚಿ ಕಳಿಸಿದೆ. ಏಕೀಕರಣಕ್ಕೆ ಬೀದಿಗಿಳಿದವನ ಮಗಳು ನಾನು! 1956ರ ನವೆಂಬರ್ 1ರಂದು ನಮ್ಮಪ್ಪ ಮನೆ ಬಾಗಿಲಿಗೆ ತೋರಣ ಕಟ್ಟಿದ್ದನ್ನು ಕಂಡವಳು. ಅಪ್ಪ ಕೂಡಿಸಲು ಹೊರಟವರು, ಇಲ್ಲಿಯವರು ಬಿಡಿಸಿಕೊಳ್ಳಲು ಹೊರಟವರು. ಕೇಳಿದ್ದು ಮಾತ್ರ ಒಂದೇ, ನಮ್ಮ ಮನೆಯ ಮಾತನ್ನು ನಮ್ಮ ಮಾತಿನಲ್ಲಿ ನಾವೇ ಆಡುತ್ತೇವೆ ಎಂದು. ಆ ಮಾತನ್ನು ರೂಪಾಯಿ ಲೆಕ್ಕದಲ್ಲಿ ಮಾರಿದವಳು ನಾನು. ಈಗ ಮಗಳು ಇನ್ನೊಂದು ನಾಡನ್ನು ನನ್ನದು ಎಂದಳೆಂದು ಸಿಟ್ಟಾಗುವ ಹಕ್ಕು ನನಗೆಲ್ಲಿಯದು?

ಬೆಳಿಗ್ಗೆ ಮಗಳಿಗೆ ಹಾಲು ಕೊಡುತ್ತ ಇದನ್ನೆಲ್ಲ ಹೇಳಿಬಿಟ್ಟೆ. ಅವಳು, “ನನಗ ಆ ರೂಪಾಯಿ ನೆನಪೈತಿ ಅವ್ವಾ. ನೀನು ಬೈಲಿಲ್ಲ ಅನ್ನೂದೂ ನೆನಪೈತಿ” ಎಂದಳು. ಮತ್ತೆ ಏನೂ ಮಾತಾಗಲಿಲ್ಲ. ಅಂದಿನಿಂದ ಕೂಸಿಗೆ ಎಣ್ಣೆ ಹಚ್ಚುವಾಗ ಅವಳೂ ಬಂದು ಕೂತು ಕನ್ನಡದಲ್ಲೇ ಮಾತಾಡಿಸತೊಡಗಿದಳು.

ಸೆಪ್ಟೆಂಬರ್ 18ರಂದು ಅವಳೂ ಅಳಿಯಂದಿರೂ ಸರತಿಯಲ್ಲಿ ನಿಂತು ಓಟು ಹಾಕಿ ಬಂದರು. ಕೂಸನ್ನೆತ್ತಿಕೊಂಡು ನಾನು ಶಾಲೆಯ ಗೇಟಿನ ಹೊರಗೆ ನಿಂತಿದ್ದೆ. ನೂರಕ್ಕೆ ಎಂಬತ್ನಾಲ್ಕಕ್ಕೂ ಹೆಚ್ಚು ಜನ ಓಟು ಹಾಕಿದ ಚುನಾವಣೆ ಅದು. ಯಾರಿಗೆ ಹಾಕಿದೆ ಎಂದರೆ, “ಗುಪ್ತ ಮತದಾನ” ಎಂದು ನಕ್ಕಳು. ಬೇಡ ಎಂದವರು 55.3, ಹೌದು ಎಂದವರು 44.7. ಪಕ್ಕದ ಮನೆಯವರ ಕಿಟಕಿಯಲ್ಲಿ ಹೌದು ಎಂಬ ಚೀಟಿ ಇತ್ತು. ಮರುದಿನ ಅವರು ಅದನ್ನು ತೆಗೆದು, ಮಡಿಚಿ, ಎದುರು ಮನೆಯ ಬೇಡ ಎಂದವರ ಜೊತೆ ಎಂದಿನಂತೆ ಗಿಡಕ್ಕೆ ನೀರು ಹಾಕುತ್ತ ಮಾತಾಡುತ್ತಿದ್ದರು. ಇಷ್ಟು ದೊಡ್ಡ ಪ್ರಶ್ನೆಯನ್ನು ಒಂದು ತೊಟ್ಟು ರಕ್ತ ಚೆಲ್ಲದೆ ಕೇಳಿ, ಉತ್ತರ ಪಡೆದದ್ದಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಪ್ರಶ್ನೆ ಮುಗಿದಿಲ್ಲ. 2016ರಲ್ಲಿ ಯುರೋಪ್ ಒಕ್ಕೂಟದಲ್ಲಿ ಉಳಿಯೋಣವೆಂದು ಸ್ಕಾಟ್ಲೆಂಡಿನಲ್ಲಿ ನೂರಕ್ಕೆ 62 ಓಟು ಬಿತ್ತು, ಆದರೂ ಇಡೀ ಬ್ರಿಟನ್ ಹೊರಬಂತು. ಲಂಡನ್ನಿನ ಒಪ್ಪಿಗೆಯಿಲ್ಲದೆ ಇನ್ನೊಂದು ಜನಮತಕ್ಕೆ ಕಾಯಿದೆ ಮಾಡಲಾಗದೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರಲ್ಲಿ ಸ್ಕಾಟಿಷ್ ಸಂಸತ್ತು ಗೇಲಿಕ್ ಮತ್ತು ಸ್ಕಾಟ್ಸ್ ನುಡಿಗಳಿಗೆ ಅಧಿಕೃತ ಸ್ಥಾನ ಕೊಡುವ ಕಾಯಿದೆ ಮಾಡಿತು. ಆ ಸುದ್ದಿ ಕೇಳುವ ಹೊತ್ತಿಗೆ ಪಕ್ಕದ ಮನೆಯವರು ಇರಲಿಲ್ಲ.

ಮೊಮ್ಮಗಳಿಗೆ ಈಗ ಹನ್ನೊಂದು ದಾಟಿದೆ. ಭಾನುವಾರ ಫೋನಿನಲ್ಲಿ ಬಂದು, “ಆಯಿ, ಊಟ ಆತೇನು?” ಎಂದು ಕೇಳುತ್ತಾಳೆ. ರಕಾರ, ತಕಾರಗಳೆಲ್ಲ ಆ ನಾಡಿನ ಗಾಳಿ ತಾಗಿ ಉರುಟುರುಟಾಗಿವೆ. ಮೊನ್ನೆ ಅವಳ ಮಂಚದ ಮೇಲೆ ಆ ಹಳೆಯ ಕೌದಿ ಕಂಡಿತು. ಒಂದು ಮೂಲೆ ಹರಿದಿತ್ತಂತೆ. ಅದಕ್ಕೆ ಅವಳೇ ಶಾಲೆಯ ಸ್ಕರ್ಟಿನ ಕೆಂಪು ಹಸಿರು ಚೌಕಳಿಯ ತುಂಡೊಂದನ್ನು ತೇಪೆ ಹಾಕಿದ್ದಾಳೆ. ಹೊಲಿಗೆ ಸೊಟ್ಟಗಿದೆ. ಮುಂದಿನ ಸಲ ಹೋದಾಗ ತಿದ್ದಿಕೊಡೋಣವೆಂದುಕೊಂಡೆ. ಆಮೇಲೆ, ಬೇಡ, ಹಾಗೇ ಇರಲಿ ಎನ್ನಿಸಿತು.